ಶಾಲೆ ಶುರುವಾಯ್ತು, ಮಗಳ ಕ್ಲಾಸಿಗೆ ಟೀಚರೇ ಇಲ್ಲ. ಮುಂಬೈ ಪಾಲಿಕೆ ಕನ್ನಡ ಶಾಲೆಯವರು ಏನು ಮಾಡುತ್ತಿದ್ದೀರಿ?

ಇಂಡಿ ಸೀಮೆಯವಳು

ಎಲ್ಲರಿಗೂ ನಮಸ್ಕಾರ. ಇಲ್ಲಿ ದಿನಾ ಓದುತ್ತೇನೆ, ಬರೆಯುವುದು ಇದೇ ಮೊದಲು. ಮಗಳು ಪಾಲಿಕೆಯ ಕನ್ನಡ ಶಾಲೆಯಲ್ಲಿ ಈ ವರ್ಷ ಮೂರನೇ ಕ್ಲಾಸು. ಶಾಲೆಯ ಹೆಸರು ಬೇಡ. ಒಂದೇ ಕಟ್ಟಡದಲ್ಲಿ ಕೆಳಗೆ ಮರಾಠಿ, ನಡುವೆ ಹಿಂದಿ, ಮೇಲಿನ ಮಹಡಿಯಲ್ಲಿ ನಮ್ಮ ಕನ್ನಡದ ನಾಲ್ಕು ಖೋಲಿ.

ಶಾಲೆ ತೆರೆದ ದಿನ ಬಾಗಿಲಿಗೆ ತೋರಣ ಕಟ್ಟಿದ್ದರು. ಮಕ್ಕಳ ಕೈಗೆ ಹೂವು ಕೊಟ್ಟರು. ಹೊಸ ಪುಸ್ತಕವೂ ಸಿಕ್ಕಿತು. ಒಳಗೆ ಹೋಗಿ ನೋಡಿದರೆ ಮಗಳ ಅಕ್ಕೋರು ಇಲ್ಲ. ಮೇ 31ಕ್ಕೆ ರಿಟೈರ್ ಆದರಂತೆ. ಇನ್ನಿಬ್ಬರಿಗೆ ಬೇಸಿಗೆ ರಜೆಯಲ್ಲೇ ಬೇರೆ ಕಡೆಗೆ ವರ್ಗ ಆಗಿದೆ. ಒಂದರಿಂದ ಏಳರವರೆಗೆ ಈಗ ಇಬ್ಬರೇ. ಒಂದರಿಂದ ಐದರಲ್ಲಿ 71 ಮಕ್ಕಳು, ಆರು-ಏಳರಲ್ಲಿ 23. ಇದನ್ನು ಹಜೇರಿ ಪುಸ್ತಕ ನೋಡಿ ನಾನೇ ಎಣಿಸಿದ್ದೇನೆ.

ಮೂರನೇ ದಿನ ಆ ಇಬ್ಬರಲ್ಲಿ ಒಬ್ಬರನ್ನು ಮತದಾರರ ಪಟ್ಟಿ ಕೆಲಸಕ್ಕೆ ಕರೆದರು. ಅವತ್ತು ಸಂಜೆ ಮಗಳು ಕುಣಿಯುತ್ತಾ ಬಂದಳು. "ಅವ್ವಾ, ಇವತ್ತು ನಾನೇ ಅಕ್ಕೋರು" ಅಂದಳು. ಒಂದನೇ ಕ್ಲಾಸಿನ ಮಕ್ಕಳಿಗೆ ಅ ಆ ತಿದ್ದಿಸುವ ಕೆಲಸ ಇವಳಿಗೆ ಕೊಟ್ಟಿದ್ದರಂತೆ. ಬೆರಳಿಗೆಲ್ಲ ಸೀಮೆಸುಣ್ಣ. ಅವಳ ಖುಷಿ ನೋಡಿ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು ನೋಡಿದೆ. ಮೂರು ಪುಟ, ಮೂರು ತಾರೀಖು. ಮೂರರಲ್ಲೂ ಎರಡರ ಮಗ್ಗಿ. ಅವಳಿಗೆ ಹತ್ತರವರೆಗೆ ಮಗ್ಗಿ ಬಾಯಿಗೆ ಬರುತ್ತದೆ.

ನಾನು ಏಳನೇ ಕ್ಲಾಸಿಗೆ ಬಿಟ್ಟವಳು. ಮನೆಯವರದು ಗಾರೆ ಕೆಲಸ. ಖಾಸಗಿ ಶಾಲೆಯ ಫೀ ನಮ್ಮಿಂದ ಆಗುವುದಿಲ್ಲ. ಹಿಂದಿ ಶಾಲೆಗೆ ಹಾಕಲಾ? ಊರಿಗೆ ಕಳಿಸಿ ಅಜ್ಜಿ ಹತ್ತಿರ ಬಿಡಲಾ? ಇಲ್ಲ, ಯಾರನ್ನಾದರೂ ಕೇಳಿದರೆ ಟೀಚರ್ ಬರುತ್ತಾರಾ? ಗೊತ್ತಿದ್ದವರು ಹೇಳಿ.

ಕಲ್ವಾ ಕಡೆಯವ

ನಮ್ಮ ಅಕ್ಕನ ಮಕ್ಕಳ ಶಾಲೆಯಲ್ಲೂ ಇದೇ ಕಥೆ. ಪುಸ್ತಕ ಬಂತು, ಬೂಟು ಬಂತು, ಮಾಸ್ತರು ಬರಲಿಲ್ಲ.

ಮಾಟುಂಗಾ ಕ್ಯಾಂಟೀನ್

ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ಮಗಳನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿ. ಪಾಲಿಕೆಯದ್ದೇ ಇಂಗ್ಲಿಷ್ ಶಾಲೆ ಇದೆ, ಫೀ ಇಲ್ಲ. 2020ರಿಂದ ಸಿಬಿಎಸ್‌ಇ ಶಾಲೆಯನ್ನೂ ಪಾಲಿಕೆಯೇ ನಡೆಸುತ್ತಿದೆ. ಟೀಚರ್ ಬರುತ್ತಾರೆ ಅಂತ ಕಾಯುತ್ತಾ ಕೂತರೆ ಮಗುವಿನ ವರ್ಷ ಹೋಗುತ್ತದೆ. ಭಾಷೆಯನ್ನು ಮನೆಯಲ್ಲಿ ಕಲಿಸಬಹುದು.

ಹೆಸರು ಬೇಡ

ನಾನು ಪಾಲಿಕೆ ಕನ್ನಡ ಶಾಲೆಯ ಶಿಕ್ಷಕಿ. ಅಕ್ಕ ಬರೆದ ಶಾಲೆ ನಮ್ಮದಲ್ಲ, ಆದರೆ ಓದುವಾಗ ನಮ್ಮದೇ ಅನಿಸಿತು.

ನಮ್ಮ ಖೋಲಿಯಲ್ಲಿ ಒಂದು, ಎರಡು, ಮೂರು ಕ್ಲಾಸು ಒಟ್ಟಿಗೆ ಕೂರುತ್ತವೆ. ಕಪ್ಪು ಹಲಗೆಗೆ ಬೆಳಗ್ಗೆ ಹೋದ ಕೂಡಲೇ ಎರಡು ಉದ್ದ ಗೆರೆ ಎಳೆಯುತ್ತೇನೆ. ಎಡಕ್ಕೆ ಒಂದನೇ ಕ್ಲಾಸಿನ ಅಕ್ಷರ, ನಡುವೆ ಎರಡನೇ ಕ್ಲಾಸಿನ ಕೂಡುವ ಲೆಕ್ಕ, ಬಲಕ್ಕೆ ಮೂರನೇ ಕ್ಲಾಸಿನ ಪಾಠ. ಮೂರನೇ ಕ್ಲಾಸಿಗೆ ಹೇಳಲು ಶುರು ಮಾಡುವಷ್ಟರಲ್ಲಿ ಒಂದನೆಯವರು ಪಾಟಿ ತೋರಿಸಲು ಎದ್ದು ಬರುತ್ತಾರೆ. ಒಂದು ಮಗುವಿನ ಕೈ ಹಿಡಿದು ‘ಅ’ ತಿದ್ದಿಸಲು ಎರಡು ನಿಮಿಷ ಬೇಕು. ಇಪ್ಪತ್ತು ಮಕ್ಕಳಿದ್ದರೆ ನಲವತ್ತು ನಿಮಿಷ. ಅಷ್ಟು ಹೊತ್ತು ಉಳಿದವರು ಏನು ಮಾಡಬೇಕು? ಮಗ್ಗಿ ಬರೆಯಬೇಕು. ಆ ಎರಡರ ಮಗ್ಗಿ ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು, ಅಕ್ಕ. ಆ ಟೀಚರ್ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ.

ಇಂಡಿ ಸೀಮೆಯವಳು

ಅವರ ಮೇಲೆ ಸಿಟ್ಟಿಲ್ಲ ಮ್ಯಾಡಮ್. ಮೊನ್ನೆ ಹೋದಾಗ ಅವರು ಊಟದ ಡಬ್ಬಿ ತೆರೆದಿಟ್ಟುಕೊಂಡೇ ಮಕ್ಕಳ ಮಧ್ಯಾಹ್ನದ ಖಿಚಡಿಯ ಲೆಕ್ಕ ಬರೆಯುತ್ತಿದ್ದರು. ಸಿಟ್ಟು ಬಂದದ್ದು ಬೇರೆಯದಕ್ಕೆ. ರಿಟೈರ್ ಆಗುವುದು ಮೊದಲೇ ಗೊತ್ತಿತ್ತು ಅಲ್ವಾ?

ಹಳೇ ಮಾಸ್ತರು

ತಂಗಿ, ನೀವು ಕೇಳಿದ ಕೊನೆಯ ಪ್ರಶ್ನೆಯಲ್ಲೇ ಎಲ್ಲ ಇದೆ. ನಾನು ಪಾಲಿಕೆಯ ಕನ್ನಡ ಶಾಲೆಗಳಲ್ಲಿ 31 ವರ್ಷ ಕಲಿಸಿ ನಿವೃತ್ತನಾದವನು. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ನನ್ನ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. ನನ್ನ ಜೊತೆ ಸೇರಿದ ಎಷ್ಟೋ ಜನರದ್ದೂ ಜೂನ್ 1. ಹಳ್ಳಿಯಲ್ಲಿ ಶಾಲೆಗೆ ಸೇರಿಸುವಾಗ ತಾರೀಖು ಯಾರಿಗೂ ನೆನಪಿರುತ್ತಿರಲಿಲ್ಲ. ಹೆಡ್‌ಮಾಸ್ತರು ವರ್ಷ ಲೆಕ್ಕ ಹಾಕಿ ಜೂನ್ 1 ಅಂತ ಬರೆದುಬಿಡುತ್ತಿದ್ದರು. ನಿವೃತ್ತಿ 58ಕ್ಕೆ. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ಮನೆಗೆ ಹೋಗಬೇಕು. ಹೀಗಾಗಿ ಪ್ರತಿ ವರ್ಷ ಮೇ 31ಕ್ಕೆ ಶಿಕ್ಷಕರು ಗುಂಪಾಗಿ ನಿವೃತ್ತರಾಗುತ್ತಾರೆ. ಹದಿನೈದು ದಿನಕ್ಕೆ ಶಾಲೆ ತೆರೆಯುತ್ತದೆ. ಈ ತಾರೀಖು ನಾವು ಕೆಲಸಕ್ಕೆ ಸೇರಿದ ದಿನವೇ ಸೇವಾ ಪುಸ್ತಕದಲ್ಲಿ ಬರೆದಿರುತ್ತದೆ. ಯಾವ ಖೋಲಿ ಯಾವ ವರ್ಷ ಖಾಲಿಯಾಗುತ್ತದೆ ಅಂತ ಮೂವತ್ತು ವರ್ಷ ಮೊದಲೇ ಹೇಳಬಹುದು. ಆದರೂ ಜೂನ್ ಬಂದಾಗ ಎಲ್ಲರೂ ಈಗಷ್ಟೇ ಗೊತ್ತಾಯ್ತು ಅನ್ನುವ ಹಾಗೆ ಮಾತಾಡುತ್ತಾರೆ. ನನಗೆ ಇದೇ ಜಾಸ್ತಿ ನೋವು.

ಈಗ ನಿಮ್ಮ ಶಾಲೆಯ ಲೆಕ್ಕ. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರಕಾರ ಒಂದರಿಂದ ಐದರವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 61ರಿಂದ 90 ಇದ್ದರೆ ಮೂವರು. ನಿಮ್ಮಲ್ಲಿ 71. ಅಂದರೆ ಮೂವರು. ಆರನೇ ಕ್ಲಾಸಿನಿಂದ ಮೇಲೆ ಕ್ಲಾಸಿಗೆ ಕನಿಷ್ಠ ಒಬ್ಬರು. ಅಲ್ಲಿ ಇಬ್ಬರು. ಒಟ್ಟು ಐವರು ಇರಬೇಕು, ಇಬ್ಬರಿದ್ದಾರೆ.

ಮುಖ್ಯ ಮಾತು ಮುಂದಿದೆ. ಮಹಾರಾಷ್ಟ್ರದಲ್ಲಿ ‘ಸಂಚ್ ಮಾನ್ಯತೆ’ ಅಂತ ಪ್ರತಿ ವರ್ಷ ನಡೆಯುತ್ತದೆ. ಯಾವ ಶಾಲೆಗೆ ಎಷ್ಟು ಹುದ್ದೆ ಅಂತ ಅದರಲ್ಲೇ ತೀರ್ಮಾನ. ಅದಕ್ಕೆ ಹಿಡಿಯುವುದು ಸೆಪ್ಟೆಂಬರ್ 30ರ ಮಕ್ಕಳ ಸಂಖ್ಯೆ. ಜೂನ್‌ನಲ್ಲಿ ಟೀಚರ್ ಇಲ್ಲ, ಜುಲೈಯಲ್ಲಿ ತಂದೆತಾಯಿ ಬೇಸತ್ತು ಹೆಸರು ಕಡಿಸುತ್ತಾರೆ, ಸೆಪ್ಟೆಂಬರ್‌ನಲ್ಲಿ ಎಣಿಸಿದಾಗ ಮಕ್ಕಳು ಕಡಿಮೆ, ಹುದ್ದೆಯೇ ಹೋಯಿತು. ನಿಮ್ಮಲ್ಲಿ 71ರಲ್ಲಿ ಹನ್ನೊಂದು ಮಕ್ಕಳು ಬಿಟ್ಟರೆ 60. ಮೂರನೇ ಹುದ್ದೆ ಕೇಳಲು ಕಾಯಿದೆಯ ಆಧಾರವೇ ಉಳಿಯುವುದಿಲ್ಲ. ಆರು-ಏಳರಲ್ಲಿ ನಾಲ್ಕು ಮಕ್ಕಳು ಹೋದರೆ 19. 2024ರ ಮಾರ್ಚ್ 15ರ ಸರ್ಕಾರಿ ಆದೇಶದ ಮೇಲೆ ಶಿಕ್ಷಕರ ಸಂಘಗಳು ಗಲಾಟೆ ಎಬ್ಬಿಸಿದ್ದು ಇದಕ್ಕೇ: ಆರರಿಂದ ಮೇಲಿನ ಕ್ಲಾಸುಗಳಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿದ್ದರೆ ಹುದ್ದೆಯೇ ಇಲ್ಲ ಅನ್ನುವ ಗೆರೆ.

ಹಾಗಾಗಿ ನನ್ನ ಸಲಹೆ: ಸೆಪ್ಟೆಂಬರ್ 30ರವರೆಗೆ ಹೆಸರು ಕಡಿಸಬೇಡಿ. ಈ ವಾರವೇ ಬರವಣಿಗೆಯಲ್ಲಿ ಕೇಳಿ.

ಮಾಟುಂಗಾ ಕ್ಯಾಂಟೀನ್

ಮಾಸ್ತರೇ, ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಹುದ್ದೆ ಉಳಿಸಲು ಆ ಮಗು ಮೂರು ತಿಂಗಳು ಮಗ್ಗಿ ಬರೆಯುತ್ತಾ ಕೂರಬೇಕಾ? ಶಾಲೆ ಉಳಿಸುವುದು ಎಂಟು ವರ್ಷದ ಹುಡುಗಿಯ ಜವಾಬ್ದಾರಿ ಅಲ್ಲ.

ಹಳೇ ಮಾಸ್ತರು

ಸರಿಯಾದ ಪ್ರಶ್ನೆ. ನಾನು ತಂದೆಯಾಗಿದ್ದರೆ ನನಗೂ ಕಷ್ಟ ಆಗುತ್ತಿತ್ತು. ಆದರೆ ಮೂರನೇ ಕ್ಲಾಸಿನ ಮಗುವನ್ನು ಒಮ್ಮೆಲೇ ಹಿಂದಿ, ಇಂಗ್ಲಿಷ್ ಖೋಲಿಯಲ್ಲಿ ಕೂರಿಸಿದರೆ ಏನಾಗುತ್ತದೆ ಅಂತಲೂ ನೋಡಿದ್ದೇನೆ. ಕನ್ನಡದಲ್ಲಿ ಭಾಗಾಕಾರ ಮಾಡುತ್ತಿದ್ದ ಹುಡುಗ ಅಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುತ್ತಾನೆ. ಪ್ರಶ್ನೆಯೇ ಅರ್ಥವಾಗುವುದಿಲ್ಲ. ಮಾರನೇ ವರ್ಷ ಶಾಲೆ ಬಿಟ್ಟು ಅಪ್ಪನ ಜೊತೆ ಸೈಟಿಗೆ ಹೋಗುತ್ತಾನೆ. ಅಂಥ ಮೂವರ ಮುಖ ನನಗೆ ಇವತ್ತಿಗೂ ನೆನಪಿದೆ.

ಡೊಂಬಿವಲಿ ಲೋಕಲ್

ಒಂದು ಕಹಿ ಮಾತು. ನಮ್ಮವರೇ ಮಕ್ಕಳನ್ನು ಇಂಗ್ಲಿಷಿಗೆ ಹಾಕಿದ್ದು ಅಲ್ವಾ? ಹೋಟೆಲಿನವರು, ಬ್ಯಾಂಕಿನವರು, ಸಂಘದ ಪದಾಧಿಕಾರಿಗಳು, ಯಾರ ಮಕ್ಕಳು ಕನ್ನಡ ಶಾಲೆಯಲ್ಲಿದ್ದಾರೆ? ರಾಜ್ಯೋತ್ಸವಕ್ಕೆ ಮಾತ್ರ ಭಾಷಣ. ಮಕ್ಕಳಿಲ್ಲದ ಶಾಲೆಗೆ ಪಾಲಿಕೆ ಯಾಕೆ ಟೀಚರ್ ಕೊಡಬೇಕು?

ಕಲ್ವಾ ಕಡೆಯವ

ಮಕ್ಕಳಿಲ್ಲ ಅಂತ ಯಾರು ಹೇಳಿದ್ದು? ಅಕ್ಕ 94 ಮಕ್ಕಳ ಲೆಕ್ಕ ಕೊಟ್ಟಿದ್ದಾರೆ. ವಿಜಯಪುರ, ಕಲಬುರಗಿ, ಯಾದಗಿರಿಯಿಂದ ಕೂಲಿಗೆ ಬಂದವರ ಮಕ್ಕಳು. ಸಂಘದ ಸಭೆಗೆ ಅವರು ಬರುವುದಿಲ್ಲ, ಅದಕ್ಕೆ ನಿಮಗೆ ಕಾಣುವುದಿಲ್ಲ.

ಡೊಂಬಿವಲಿ ಲೋಕಲ್

ಒಪ್ಪಿದೆ ಅಣ್ಣ. ಆ ಮಾತು ನನ್ನಂಥವರಿಗೆ ಹೇಳಿಕೊಂಡದ್ದು. ನನ್ನ ಇಬ್ಬರೂ ಮಕ್ಕಳು ಇಂಗ್ಲಿಷ್ ಮೀಡಿಯಮ್.

ಅಕ್ಕಲಕೋಟೆ ಟು ಪುಣೆ

ನಾನು ಕನ್ನಡ ಮಾಧ್ಯಮದಲ್ಲೇ ಎಸ್ಸೆಸ್ಸಿ ಮಾಡಿ, ಡಿ.ಎಡ್ ಮುಗಿಸಿ, ಈಗ ಪುಣೆಯಲ್ಲಿ ಕೊರಿಯರ್ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಕನ್ನಡ ಶಾಲೆಗೆ ಟೀಚರ್ ಸಿಗುವುದಿಲ್ಲ ಅನ್ನುವ ಮಾತು ಕೇಳಿದಾಗ ಹೊಟ್ಟೆ ಉರಿಯುತ್ತದೆ. ನಾವು ಸಿಗುತ್ತೇವೆ. ಕರೆಯುವವರಿಲ್ಲ.

ದಾರಿ ಹೀಗಿದೆ. ಮೊದಲು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು. ಆಮೇಲೆ ‘ಟೈಟ್’ (ಟಿಎಐಟಿ) ಅಂತ ನೇಮಕಕ್ಕೆ ಇನ್ನೊಂದು ಪರೀಕ್ಷೆ. ಅದರ ಅಂಕದ ಮೇಲೆ ಪವಿತ್ರ ಅನ್ನುವ ರಾಜ್ಯ ಸರ್ಕಾರದ ಪೋರ್ಟಲ್‌ನಲ್ಲಿ ನೇಮಕ. ಆ ಪೋರ್ಟಲ್ ಬಂದದ್ದು 2017ರಲ್ಲಿ. ಟೈಟ್ ಮೊದಲು ನಡೆದದ್ದು 2017ರ ಡಿಸೆಂಬರ್, ಎರಡನೆಯದು 2023, ಮೂರನೆಯದು 2025. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಐದು ವರ್ಷ! ಶಿಕ್ಷಕರು ಪ್ರತಿ ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ, ಪರೀಕ್ಷೆ ಎರಡು ವರ್ಷಕ್ಕೋ ಐದು ವರ್ಷಕ್ಕೋ ಒಮ್ಮೆ. ಖೋಲಿ ಖಾಲಿ ಇರದೆ ಇನ್ನೇನಾಗುತ್ತದೆ?

ಸಿಕ್ಕರೂ ಮೊದಲ ಮೂರು ವರ್ಷ ‘ಶಿಕ್ಷಣ ಸೇವಕ’, ಅಂದರೆ ಪೂರ್ತಿ ಸಂಬಳ ಇಲ್ಲ, ಗೌರವಧನ ಮಾತ್ರ. ಪ್ರಾಥಮಿಕಕ್ಕೆ ತಿಂಗಳಿಗೆ 16,000. 2023ಕ್ಕೆ ಮೊದಲು 6,000 ಇತ್ತು. ಮುಂಬೈಯಲ್ಲಿ 16,000ಕ್ಕೆ ಬದುಕುವುದು ಕಷ್ಟ. ಆದರೂ ನಾಳೆ ಕರೆದರೆ ನಾಳೆಯೇ ಬರುತ್ತೇನೆ. ಮಹಾರಾಷ್ಟ್ರದ ಗಡಿಯ ಅಕ್ಕಲಕೋಟೆ, ಜತ್ ಕಡೆ ನನ್ನ ಹಾಗೆ ಕಾಯುತ್ತಿರುವವರು ನನ್ನ ಫೋನಿನಲ್ಲೇ ಒಂದು ಗುಂಪು ಇದ್ದಾರೆ.

ಹೆಸರು ಬೇಡ

ಈ ತಮ್ಮ ಹೇಳಿದ್ದು ಅಕ್ಷರಶಃ ನಿಜ. ಒಳಗಿದ್ದವರಿಗೂ ನೆಮ್ಮದಿ ಇಲ್ಲ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಐದು ವರ್ಷಕ್ಕಿಂತ ಜಾಸ್ತಿ ಸೇವೆ ಉಳಿದಿರುವ ಹಳೆಯ ಶಿಕ್ಷಕರೂ ಎರಡು ವರ್ಷದಲ್ಲಿ ಟಿಇಟಿ ಪಾಸಾಗಬೇಕು. ಹಗಲು ಮೂರು ಕ್ಲಾಸು, ಸಂಜೆ ಮತದಾರರ ಪಟ್ಟಿ, ರಾತ್ರಿ ನನ್ನ ಮಗನ ಪಕ್ಕ ಕೂತು ನಾನೂ ಓದುತ್ತೇನೆ.

ಸಯಾನ್ ಸರ್ಕಲ್

ಮತದಾರರ ಪಟ್ಟಿ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಅಂತ ಕಾಯಿದೆ ಇದೆಯಲ್ಲ? ಯಾಕೆ ಹೋಗುತ್ತೀರಿ?

ಹೆಸರು ಬೇಡ

ಕಾಯಿದೆಯ 27ನೇ ಕಲಮು ಓದಿ ಸರ್. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರಕ್ಕೆ ಹಾಕಬಹುದು ಅಂತ ಅದರಲ್ಲೇ ಇದೆ. ಆದೇಶ ಬಂದರೆ ಇಲ್ಲ ಅನ್ನಲು ಆಗುವುದಿಲ್ಲ. ನಾವು ಐದು ಜನ ಇದ್ದಾಗ ಒಬ್ಬರು ಹೋದರೆ ಹೇಗೋ ನಡೆಯುತ್ತಿತ್ತು. ಇಬ್ಬರಲ್ಲಿ ಒಬ್ಬರು ಹೋದರೆ ಶಾಲೆಯೇ ಹೋದ ಹಾಗೆ.

ಸಯಾನ್ ಸರ್ಕಲ್

ಗೊತ್ತಿರಲಿಲ್ಲ, ತಿದ್ದಿದ್ದಕ್ಕೆ ಥ್ಯಾಂಕ್ಸ್. ಇನ್ನೊಂದು ಸಂಗತಿ. ನಿವೃತ್ತ ಶಿಕ್ಷಕರನ್ನು 20,000 ಕೊಟ್ಟು ತೆಗೆದುಕೊಳ್ಳುವ ಯೋಜನೆ ಇತ್ತು. ಮಾಸ್ತರು ಅದರಲ್ಲಿ ಬರಬಹುದಲ್ಲ?

ಹಳೇ ಮಾಸ್ತರು

ಅದು 2023ರ ಜುಲೈ ಆದೇಶ. 70 ವರ್ಷದವರೆಗೆ ಅವಕಾಶ ಇತ್ತು. ಆದರೆ ಅದು ಜಿಲ್ಲಾ ಪರಿಷತ್ ಶಾಲೆಗಳಿಗೆ, ಹೊಸ ನೇಮಕ ಆಗುವವರೆಗೆ ಮಾತ್ರ. ಕರೆದರೆ ನಾನು ದುಡ್ಡಿಲ್ಲದೆಯೂ ಹೋಗುತ್ತೇನೆ, ಅದು ಬೇರೆ. ಆದರೆ ಅಕ್ಕಲಕೋಟೆಯ ಆ ಹುಡುಗ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿರುವಾಗ ಅವನ ಕುರ್ಚಿಯಲ್ಲಿ ನಾನು ಕೂರುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ವಾಸ್ಕೋ ಬಂದರು

ಗೋವಾದಿಂದ ಬರೆಯುತ್ತಿದ್ದೇನೆ. ಇಲ್ಲಿಯೂ ವಾಸ್ಕೋ ಸುತ್ತ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿವೆ. ನಾನು ಅಂಥ ಶಾಲೆಯಲ್ಲೇ ಕಲಿತೆ, ನನ್ನ ಮಗನೂ ಅಲ್ಲೇ ಶುರು ಮಾಡಿದ. ಇಲ್ಲಿ ತೊಡಕು ಇನ್ನೊಂದು ಥರ. ಸರ್ಕಾರಿ ಕೆಲಸಕ್ಕೆ 15 ವರ್ಷ ಗೋವಾದಲ್ಲಿ ವಾಸವಿದ್ದ ದಾಖಲೆ ಬೇಕು, ಕೊಂಕಣಿ ಗೊತ್ತಿರಬೇಕು. ನಿಯಮ ತಪ್ಪು ಅನ್ನುತ್ತಿಲ್ಲ, ಅವರ ನೆಲ, ಅವರ ಭಾಷೆ. ಆದರೆ ಅಷ್ಟೆಲ್ಲ ಇದ್ದು, ಕನ್ನಡದಲ್ಲಿ ಪಾಠ ಮಾಡಬಲ್ಲವರು ಎಷ್ಟು ಜನ? ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳೇ ಆಗಬೇಕು. ಅವರು ನಾಲ್ಕನೇ ಕ್ಲಾಸಿನ ನಂತರ ಇಂಗ್ಲಿಷಿಗೆ ಹೋಗುತ್ತಾರೆ. ನನ್ನ ಮಗನೂ ಹಾಗೇ ಹೋದ. ಈಗ ಅವನಿಗೆ ಕನ್ನಡ ಓದಲು ಬರುತ್ತದೆ, ಒತ್ತಕ್ಷರ ಬಂದರೆ ತಡವರಿಸುತ್ತಾನೆ. ಅವನು ನಾಳೆ ಕನ್ನಡ ಟೀಚರ್ ಆಗುತ್ತಾನಾ?

ಸಯಾನ್ ಸರ್ಕಲ್

ಅಲ್ಲ, ಸದ್ಯಕ್ಕೆ ಕೆಳಗಿನ ಮಹಡಿಯ ಮರಾಠಿ ಟೀಚರನ್ನೇ ಮೇಲೆ ಕಳಿಸಬಹುದಲ್ಲ? ಯಾರೂ ಇಲ್ಲದ್ದಕ್ಕಿಂತ ವಾಸಿ. ಹೇಗೂ 2020ರ ಕಾಯಿದೆ ಪ್ರಕಾರ ಮರಾಠಿ ಎಲ್ಲ ಶಾಲೆಯಲ್ಲೂ ಕಡ್ಡಾಯ.

ಅಕ್ಕಲಕೋಟೆ ಟು ಪುಣೆ

ಬೇಡ ಅಣ್ಣ. ಮರಾಠಿ ವಿಷಯ ಕಲಿಸಲು ಬರಲಿ, ಬೇಕೇ ಬೇಕು, ನಾನೂ ಮರಾಠಿಯಲ್ಲೇ ಇಲ್ಲಿ ಬದುಕುತ್ತಿದ್ದೇನೆ. ಆದರೆ ಒಂದನೇ ಕ್ಲಾಸಿನ ಮಗುವಿಗೆ ಗಣಿತ, ಪರಿಸರ ಹೇಳಲು ಕನ್ನಡ ಗೊತ್ತಿಲ್ಲದವರನ್ನು ಕಳಿಸಿದರೆ ಇಬ್ಬರಿಗೂ ಹಿಂಸೆ. ಜತ್ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದವರನ್ನು ಹಾಕಿದ್ದಕ್ಕೆ 2024ರಲ್ಲಿ ದೊಡ್ಡ ವಿರೋಧ ಆಯಿತು. ಆ ಶಿಕ್ಷಕರದ್ದೂ ತಪ್ಪಿಲ್ಲ, ಪಾಪ. ಕಾಗದದಲ್ಲಿ ಮಾತ್ರ ಹುದ್ದೆ ತುಂಬಿತು. ಒಮ್ಮೆ ತುಂಬಿತು ಅಂತ ಬರೆದರೆ ಆಮೇಲೆ ನಮ್ಮನ್ನು ಕರೆಯುವುದೇ ಇಲ್ಲ.

ವಿಜಯಪುರ ಮಂದಿ

ಇಂಡಿ ಅಕ್ಕನಿಗೆ: ಊರಿಗೆ ಕಳಿಸುವ ಮೊದಲು ಒಂದು ಮಾತು. ಇಲ್ಲಿ ಶಾಲೆ ಮೇ ಕೊನೆಗೇ ಶುರುವಾಗುತ್ತದೆ, ನೀವು ಆಗಲೇ ತಡ. ಇಲ್ಲಿಯೂ ಖಾಲಿ ಹುದ್ದೆ ಬೇಕಾದಷ್ಟಿವೆ. ಶಾಲೆಗಳು ನಡೆಯುವುದೇ ಅತಿಥಿ ಶಿಕ್ಷಕರ ಮೇಲೆ. ಪ್ರಾಥಮಿಕಕ್ಕೆ 10,000 ಇದ್ದದ್ದು 2025ರಲ್ಲಿ 12,000 ಆಯಿತು. ನಾನು ನಾಲ್ಕು ವರ್ಷದಿಂದ ಅತಿಥಿ. ಪ್ರತಿ ಜೂನ್‌ನಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. ಏಪ್ರಿಲ್, ಮೇ ಸಂಬಳ ಇಲ್ಲ. ಮಗು ನಿಮ್ಮ ಹತ್ತಿರ ಇರಲಿ. ತಾಯಿ ಬಿಟ್ಟು ಊರಿನಲ್ಲಿ ಓದುವ ಮಕ್ಕಳು ನನ್ನ ಕ್ಲಾಸಿನಲ್ಲಿ ಆರು ಜನ ಇದ್ದಾರೆ. ಫೋನ್ ಬಂದ ದಿನ ಅವರಿಗೆ ಪಾಠ ತಲೆಗೆ ಹೋಗುವುದಿಲ್ಲ.

ಇಂಡಿ ಸೀಮೆಯವಳು

ಇದು ಓದಿ ಕಣ್ಣೀರು ಬಂತು. ಕಳಿಸುವುದಿಲ್ಲ.

ಕಲ್ವಾ ಕಡೆಯವ

ಪಾಲಿಕೆ ಮಕ್ಕಳಿಗೆ ಪುಕ್ಕಟೆ ಕೊಡುವ 27 ವಸ್ತು ಎಲ್ಲರಿಗೂ ಸಿಕ್ಕಿತಾ? ನಮ್ಮ ಕಡೆ ರೇನ್‌ಕೋಟ್ ಇನ್ನೂ ಬಂದಿಲ್ಲ. ಕಳೆದ ವರ್ಷ ಗಣಪತಿ ಹಬ್ಬ ಕಳೆದ ಮೇಲೆ ಬಂತು.

ಡೊಂಬಿವಲಿ ಲೋಕಲ್

ವಿಷಯ ಬಿಟ್ಟು ಹೋಗಬೇಡಿ ಮಾರಾಯ್ರೇ. ರೇನ್‌ಕೋಟಿಗೆ ಬೇರೆ ಪೋಸ್ಟ್ ಹಾಕಿ.

ಕಲ್ವಾ ಕಡೆಯವ

ಮಳೆಗೆ ನೆನೆದು ಜ್ವರ ಬಂದ ಮಗುವಿಗೆ ಅದೂ ವಿಷಯವೇ.

ಫೋರ್ಟ್ ರಾತ್ರಿ ಶಾಲೆ

ನಾನು ಹದಿಮೂರಕ್ಕೆ ಕುಂದಾಪುರ ಕಡೆಯಿಂದ ಬಂದು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದವನು. ರಾತ್ರಿ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸಿ ಮಾಡಿದೆ. ಅಲ್ಲಿ ಕಲಿಸುತ್ತಿದ್ದವರು ಹಗಲು ಬ್ಯಾಂಕಿನಲ್ಲಿ, ಆಫೀಸಿನಲ್ಲಿ ದುಡಿಯುವವರು. ಕೆಲಸ ಮುಗಿಸಿ, ಚಹಾ ಕುಡಿದು, ಸೀದಾ ಕ್ಲಾಸಿಗೆ. ನಾನು ನಿದ್ದೆ ತೂಗಿದರೆ ಗಣಿತದ ಸರ್ ಬಯ್ಯುತ್ತಿರಲಿಲ್ಲ. "ಹೋಗಿ ಮುಖ ತೊಳೆದು ಬಾ, ನಾವು ಕಾಯುತ್ತೇವೆ" ಅನ್ನುತ್ತಿದ್ದರು. ನಿಜವಾಗಿಯೂ ಇಡೀ ಕ್ಲಾಸು ಕಾಯುತ್ತಿತ್ತು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ಈಗ ನಿವೃತ್ತ. ಆ ಸಾಲ ನನ್ನ ಮೇಲಿದೆ.

ಅಕ್ಕ, ನಿಮ್ಮ ಶಾಲೆ ಎಲ್ಲಿದೆ ಅಂತ ನನಗೆ ಮಾತ್ರ ತಿಳಿಸಿ. ವಾರಕ್ಕೆ ಎರಡು ದಿನ ಮೂರು, ನಾಲ್ಕು, ಐದನೇ ಕ್ಲಾಸಿಗೆ ಗಣಿತ ಹೇಳುತ್ತೇನೆ. ಇನ್ನಿಬ್ಬರನ್ನು ಕರೆತರುತ್ತೇನೆ.

ಹೆಸರು ಬೇಡ

ಬನ್ನಿ ಸರ್, ನಮ್ಮಂಥವರಿಗೆ ಉಸಿರು ಬಂದ ಹಾಗಾಗುತ್ತದೆ. ಒಂದೇ ಎಚ್ಚರ. ಮುಖ್ಯಾಧ್ಯಾಪಕರಿಂದ ಬರವಣಿಗೆಯಲ್ಲಿ ಅನುಮತಿ ತೆಗೆದುಕೊಳ್ಳಿ. ಅದರಲ್ಲಿ ‘ಸ್ವಯಂಸೇವಕರು’ ಅಂತಲೇ ಬರೆಸಿ. ಶಿಕ್ಷಕರ ವ್ಯವಸ್ಥೆ ಆಗಿದೆ ಅಂತ ಮೇಲಕ್ಕೆ ವರದಿ ಹೋಗಬಾರದು.

ಡೊಂಬಿವಲಿ ಲೋಕಲ್

ನಾನು ಇದನ್ನು ಒಪ್ಪುವುದಿಲ್ಲ. ಪ್ರತಿ ಸಲ ನಾವೇ ಹೋಗಿ ತೇಪೆ ಹಚ್ಚುತ್ತೇವೆ, ಸರ್ಕಾರ ಕೈ ತೊಳೆದುಕೊಳ್ಳುತ್ತದೆ. ಹೀಗೆ ಮಾಡಿದರೆ ಹುದ್ದೆ ಯಾವತ್ತೂ ತುಂಬುವುದಿಲ್ಲ.

ಫೋರ್ಟ್ ರಾತ್ರಿ ಶಾಲೆ

ತಮ್ಮಾ, ಅರ್ಜಿಗೆ ಉತ್ತರ ಬರುವವರೆಗೆ ಮಗು ಏನು ಮಾಡಬೇಕು? ನೀನು ಅರ್ಜಿ ಬರೆ, ನಾನು ಗಣಿತ ಹೇಳುತ್ತೇನೆ. ಎರಡೂ ನಡೆಯಲಿ.

ಡೊಂಬಿವಲಿ ಲೋಕಲ್

ಸರಿ ಅಣ್ಣ, ಅರ್ಜಿ ನಾನೇ ಬರೆಯುತ್ತೇನೆ. ಕೋರ್ಟಿನ ಕೆಲಸ ನನ್ನದು, ಅಷ್ಟು ಬರುತ್ತದೆ.

ಶಿಕ್ಷಣ ಹಕ್ಕು ಕಾಯಿದೆಯ 26ನೇ ಕಲಮಿನಲ್ಲಿ ಖಾಲಿ ಹುದ್ದೆ ಶೇಕಡಾ 10 ದಾಟಬಾರದು ಅಂತ ಇದೆ. ಅದನ್ನು ಇಡೀ ಪಾಲಿಕೆಯ ಲೆಕ್ಕ ಅಂತ ಕೆಲವರು ಹೇಳುತ್ತಾರೆ. ಹಾಗಲ್ಲ, ಕಾಯಿದೆಯಲ್ಲಿರುವುದು ಶಾಲೆಯ ಲೆಕ್ಕ. ಅಕ್ಕನ ಶಾಲೆಯಲ್ಲಿ ಐದರಲ್ಲಿ ಮೂರು ಖಾಲಿ. 32ನೇ ಕಲಮಿನ ಪ್ರಕಾರ ಸ್ಥಳೀಯ ಸಂಸ್ಥೆಗೆ ದೂರು ಕೊಟ್ಟರೆ ಮೂರು ತಿಂಗಳಲ್ಲಿ ತೀರ್ಮಾನ ಹೇಳಬೇಕು. ಒಪ್ಪಿಗೆ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕು ಆಯೋಗಕ್ಕೆ ಮೇಲ್ಮನವಿ. ಜೂನ್‌ನಲ್ಲಿ ಕೊಟ್ಟರೆ ಸೆಪ್ಟೆಂಬರ್ ಎಣಿಕೆಗೆ ಮೊದಲೇ ಉತ್ತರ ಬರಬೇಕಾಗುತ್ತದೆ. ಅದಕ್ಕೇ ಈ ವಾರ ಮುಖ್ಯ.

ದೂರು ಒಬ್ಬರ ಹೆಸರಲ್ಲಿ ಬೇಡ. ಶಾಲಾ ವ್ಯವಸ್ಥಾಪನ ಸಮಿತಿಯ ಹೆಸರಲ್ಲಿ ಹೋಗಲಿ. ಆ ಸಮಿತಿಯಲ್ಲಿ ಮುಕ್ಕಾಲು ಭಾಗ ತಂದೆತಾಯಿಯೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಅಕ್ಕ, ನಿಮ್ಮ ಸಮಿತಿಯಲ್ಲಿ ಯಾರಿದ್ದಾರೆ?

ಇಂಡಿ ಸೀಮೆಯವಳು

ನಾನೇ ಇದ್ದೇನೆ ಅಂತ ಇವತ್ತು ಗೊತ್ತಾಯಿತು. ಎರಡು ವರ್ಷದ ಹಿಂದೆ ಸಹಿ ಹಾಕಿಸಿಕೊಂಡಿದ್ದರು. ಖಿಚಡಿಗೆ ಸಂಬಂಧಪಟ್ಟದ್ದು ಅಂದುಕೊಂಡಿದ್ದೆ.

ಹಳೇ ಮಾಸ್ತರು

ಬಹಳ ಒಳ್ಳೆಯದಾಯಿತು. ಇನ್ನೊಂದು ಕೆಲಸ ಇವತ್ತೇ ಶುರು ಮಾಡಿ. ಎಣಿಕೆಗೆ ಹಿಡಿಯುವುದು ಆಧಾರ್ ತಾಳೆಯಾದ ಮಕ್ಕಳನ್ನು. ನಮ್ಮ ಮಕ್ಕಳ ಹೆಸರು ಆಧಾರ್ ಕಾರ್ಡಿನಲ್ಲಿ ಒಂದು ಥರ, ಶಾಲೆಯಲ್ಲಿ ಇನ್ನೊಂದು ಥರ ಇರುತ್ತದೆ. ಒಂದು ಕಡೆ ಅಪ್ಪನ ಹೆಸರು ಸೇರಿಸಿರುತ್ತಾರೆ, ಇನ್ನೊಂದು ಕಡೆ ಅಡ್ಡಹೆಸರು ಮಾತ್ರ. ಮಗು ದಿನಾ ಬೆಂಚಿನ ಮೇಲೆ ಕೂತಿರುತ್ತದೆ, ಲೆಕ್ಕದಲ್ಲಿ ಇರುವುದಿಲ್ಲ. ಬಿತ್ತನೆ ಮುಗಿಸಿಕೊಂಡು ತಡವಾಗಿ ಊರಿಂದ ಬರುವ ಮನೆಯವರಿಗೂ ಈಗಲೇ ಫೋನ್ ಮಾಡಿ, ಬೇಗ ಬನ್ನಿ ಅನ್ನಿ.

ವಾಸ್ಕೋ ಬಂದರು

ಇದು ನಮಗೂ ಉಪಯೋಗದ ಮಾತು. ನಾಡಿದ್ದು ನಮ್ಮ ಶಾಲೆಯಲ್ಲೂ ಕೇಳುತ್ತೇನೆ.

ಇಂಡಿ ಸೀಮೆಯವಳು (ಒಂಬತ್ತು ದಿನದ ನಂತರ)

ಎಲ್ಲರಿಗೂ ತಿಳಿಸಬೇಕು ಅಂತ ಕೆಲಸದಿಂದ ಬಂದ ಕೂಡಲೇ ಬರೆಯುತ್ತಿದ್ದೇನೆ.

ಶುಕ್ರವಾರ ನಾವು ಹನ್ನೊಂದು ತಾಯಂದಿರು, ಮೂವರು ಗಂಡಸರು ವಾರ್ಡಿನ ಶಿಕ್ಷಣ ಕಚೇರಿಗೆ ಹೋದೆವು. ಡೊಂಬಿವಲಿ ಅಣ್ಣ ಬರೆದುಕೊಟ್ಟ ಅರ್ಜಿ ಮರಾಠಿಯಲ್ಲಿತ್ತು. ಅದು ಒಳ್ಳೆಯದೇ ಆಯಿತು, ಅಲ್ಲಿನ ಮ್ಯಾಡಮ್ ಪೂರ್ತಿ ಓದಿದರು. ಮೊದಲು "ಪೋರ್ಟಲ್‌ನಿಂದ ಬಂದಾಗ ಕೊಡುತ್ತೇವೆ" ಅಂದರು. ನಾನು ಮಗಳ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟೆ. ಅವರು ಪುಟ ತಿರುವಿದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಇನ್ನೊಂದು ಕನ್ನಡ ಶಾಲೆಗೆ ಫೋನ್ ಮಾಡಿದರು.

ಸೋಮವಾರದಿಂದ ಒಬ್ಬ ಅಕ್ಕೋರು ವಾರಕ್ಕೆ ಮೂರು ದಿನ ಬರುತ್ತಾರೆ. ಉಳಿದ ಹುದ್ದೆಗೆ ಉತ್ತರ ಬಂದಿಲ್ಲ. ಅವರನ್ನು ಕಳಿಸಿದ ಶಾಲೆಯಲ್ಲಿ ಆ ಮೂರು ದಿನ ಯಾರು ಪಾಠ ಮಾಡುತ್ತಾರೆ ಅಂತ ಕೇಳಬೇಕು ಅಂತಿದ್ದೆ, ಬಾಯಿ ಬರಲಿಲ್ಲ. ಅದು ಮನಸ್ಸಿನಲ್ಲಿ ಕೊರೆಯುತ್ತಿದೆ. ಅಲ್ಲಿನ ಅವ್ವಂದಿರು ಯಾರಾದರೂ ಇದನ್ನು ಓದುತ್ತಿದ್ದರೆ ತಿಳಿಸಿ, ಮುಂದಿನ ಸಲ ಒಟ್ಟಿಗೆ ಹೋಗೋಣ.

ಫೋರ್ಟಿನ ಅಣ್ಣ ಮಂಗಳವಾರ, ಗುರುವಾರ ಬಂದರು. ಆಧಾರ್ ಹೆಸರು ತಾಳೆಯಾಗದ ಮಕ್ಕಳು ಹದಿನಾಲ್ಕು ಸಿಕ್ಕರು. ಐದು ಮಕ್ಕಳದ್ದು ಸರಿ ಮಾಡಿಸಿದೆವು. ಮಗಳ ಹೆಸರು ನಾನು ಕಡಿಸುವುದಿಲ್ಲ. ಹೊಸ ಅಕ್ಕೋರು ಬರುತ್ತಾರೆ ಅಂದಾಗ ಅವಳು ಕೇಳಿದ್ದು, "ಹಂಗಾದ್ರೆ ಒಂದನೆತ್ತಾದವರಿಗೆ ಇನ್ನ ಅ ಆ ಯಾರು ತಿದ್ದಸ್ತಾರ?"

ಹೆಸರು ಬೇಡ

ಅರ್ಜಿಯ ಪ್ರತಿಗೆ ಸ್ವೀಕೃತಿ ಸಿಕ್ಕಾ ಹಾಕಿಸಿಕೊಂಡಿರಾ ಅಕ್ಕ?

ಇಂಡಿ ಸೀಮೆಯವಳು

ಹಾಕಿಸಿಕೊಂಡೆ. ತಾರೀಖು ಸಮೇತ.

ಡೊಂಬಿವಲಿ ಲೋಕಲ್

ನಾಲ್ಕು ಜೆರಾಕ್ಸ್ ಮಾಡಿಸಿ ನಾಲ್ಕು ಮನೆಯಲ್ಲಿ ಇಡಿ. ಮೂರು ತಿಂಗಳ ಲೆಕ್ಕ ಆ ತಾರೀಖಿನಿಂದಲೇ.